ಕೆಂಪು ಮಣ್ಣಿಗೆ ಬಿಳಿ ಹೊದಿಕೆ ಕೊಟ್ಟ ಶಿಲ್ಪಿ: ಲೂಕಾ ದೆಲ್ಲಾ ರೊಬ್ಬಿಯಾ

ಇಟಲಿಯ ಫ್ಲೊರೆನ್ಸ್ ನಗರದ ಪ್ರಧಾನಾಲಯದಲ್ಲಿ ಸಕ್ರಿಸ್ತಿಯ ಬಾಗಿಲ ಮೇಲೆ ಪ್ರಭು ಕ್ರಿಸ್ತರ ಪುನರುತ್ಥಾನದ ಉಬ್ಬುಶಿಲ್ಪವೊಂದಿದೆ. ನೀಲಿ ಹಿನ್ನೆಲೆ, ಹಾಲಿನಂತಹ ಬಿಳಿ ಆಕೃತಿಗಳು. ನೋಡಿದವರು ಅಮೃತಶಿಲೆ ಎಂದುಕೊಳ್ಳುತ್ತಾರೆ. ಆದರೆ ಅದು ಸುಟ್ಟ ಮಣ್ಣು. 1442ರಿಂದ 1445ರ ಅವಧಿಯಲ್ಲಿ ಇದನ್ನು ಮಾಡಿದವರು ಲೂಕಾ ದೆಲ್ಲಾ ರೊಬ್ಬಿಯಾ.

ಸುಮಾರು 1400ರಲ್ಲಿ ಫ್ಲೊರೆನ್ಸಿನಲ್ಲಿ ಹುಟ್ಟಿದ ಲೂಕಾ ಮೊದಲು ಹೆಸರು ಗಳಿಸಿದ್ದು ಅಮೃತಶಿಲೆಯಲ್ಲಿ. ಅದೇ ಪ್ರಧಾನಾಲಯಕ್ಕಾಗಿ 1431ರಿಂದ 1438ರವರೆಗೆ ದುಡಿದು, ಹಾಡುವ ಮಕ್ಕಳ ಶಿಲ್ಪಗಳಿರುವ ಗಾಯನ ಮಂಟಪವನ್ನು ಕೆತ್ತಿದರು. ಆದರೆ ಅಮೃತಶಿಲೆ ದುಬಾರಿ, ಕೆಲಸವೂ ನಿಧಾನ. ಮಣ್ಣು ಅಗ್ಗ, ಆದರೆ ಸುಟ್ಟರೆ ಹಂಚಿನಂತೆ ಕೆಂಪಾಗುತ್ತದೆ, ನೀರು ಹೀರುತ್ತದೆ. ಈ ಮಣ್ಣಿಗೆ ಬಿಳುಪನ್ನೂ ಬಾಳಿಕೆಯನ್ನೂ ಕೊಡುವುದು ಹೇಗೆ?

ಮರಳು ಮತ್ತು ಸೀಸದ ಭಸ್ಮವನ್ನು ಕರಗಿಸಿದರೆ ಸಿಗುವ ಮೆರುಗು ಗಾಜಿನಂತೆ ಪಾರದರ್ಶಕ. ಒಳಗಿನ ಕೆಂಪು ಹಾಗೆಯೇ ಕಾಣುತ್ತದೆ. ಅದಕ್ಕೆ ತವರದ ಭಸ್ಮ ಸೇರಿಸಿದಾಗ ಗುಣ ಬದಲಾಗುತ್ತದೆ. ಕುಲುಮೆಯ ಬಿಸಿಯಲ್ಲಿಯೂ ತವರದ ಭಸ್ಮ ಬಹುಪಾಲು ಕರಗದೆ, ಅತಿ ಸಣ್ಣ ಹರಳುಗಳಾಗಿ ಗಾಜಿನೊಳಗೆ ಉಳಿಯುತ್ತದೆ. ಒಳಬಂದ ಬೆಳಕು ಈ ಹರಳುಗಳಿಗೆ ತಾಗಿ ಎಲ್ಲ ದಿಕ್ಕಿಗೂ ಚದುರಿ ಹೊರಬರುವುದರಿಂದ ಮಣ್ಣು ಮರೆಯಾಗಿ ಬಿಳುಪು ಕಾಣುತ್ತದೆ. ಕೊಬ್ಬಿನ ಕಣಗಳಿಂದ ಹಾಲು ಬೆಳ್ಳಗೆ ಕಾಣುವುದೂ ಹೀಗೆಯೇ. ಈ ಬಿಳಿಗೆ ಕೋಬಾಲ್ಟ್ ಸೇರಿದರೆ ನೀಲಿ, ತಾಮ್ರ ಸೇರಿದರೆ ಹಸಿರು.

ಈ ವಿದ್ಯೆ ಲೂಕಾರೇ ಕಂಡುಹಿಡಿದದ್ದಲ್ಲ. 9ನೇ ಶತಮಾನದಲ್ಲಿಯೇ ಇರಾಕಿನ ಕುಂಬಾರರು ಇದನ್ನು ಬಲ್ಲವರಾಗಿದ್ದರು. ಸ್ಪೇನ್ ಮತ್ತು ಇಟಲಿಯಲ್ಲಿ ತಟ್ಟೆ, ಹೂಜಿಗಳಿಗೆ ಬಳಸುತ್ತಿದ್ದರು. ಅದನ್ನು ದೊಡ್ಡ ಶಿಲ್ಪಗಳಿಗೆ ಒಗ್ಗಿಸಿದ್ದೇ ಲೂಕಾರ ಸಾಧನೆ. ಆರುವಾಗ ಮಣ್ಣೂ ಮೆರುಗೂ ಹೆಚ್ಚುಕಡಿಮೆ ಸಮನಾಗಿ ಕುಗ್ಗಬೇಕು, ಇಲ್ಲವಾದರೆ ಮೆರುಗು ಬಿರಿಯುತ್ತದೆ ಅಥವಾ ಕಿತ್ತುಬರುತ್ತದೆ. ಅದಕ್ಕಾಗಿ ಅವರು ಸುಣ್ಣದಂಶ ಹೆಚ್ಚಿರುವ ಮಣ್ಣನ್ನು ಆರಿಸಿಕೊಂಡರು. ದೊಡ್ಡ ಶಿಲ್ಪವನ್ನು ತುಂಡುಗಳಾಗಿ ಮಾಡಿ, ಹಿಂಭಾಗ ಟೊಳ್ಳಾಗಿಸಿ, ಸುಟ್ಟು, ಗೋಡೆಯ ಮೇಲೆ ಜೋಡಿಸಿದರು.

ಲೂಕಾ ಕಂಚಿನಲ್ಲಿಯೂ ಕೈಯಾಡಿಸಿದ್ದರು. 1478ರ ಏಪ್ರಿಲ್ 26ರಂದು ಪ್ರಧಾನಾಲಯದಲ್ಲಿ ಬಲಿಪೂಜೆಯ ವೇಳೆ ಕೊಲೆಗಡುಕರು ಮೇಲೆ ಬಿದ್ದಾಗ, ಲೊರೆಂಜೊ ದೆ ಮೆದಿಚಿ ಓಡಿಹೋಗಿ ಜೀವ ಉಳಿಸಿಕೊಂಡದ್ದು ಪುನರುತ್ಥಾನ ಶಿಲ್ಪದ ಕೆಳಗಿರುವ, ಲೂಕಾರ ಕಂಚಿನ ಬಾಗಿಲುಗಳ ಹಿಂದೆ. ಅವರ ತಮ್ಮ ಜುಲಿಯಾನೊ ಅಂದು ಪ್ರಾಣ ಕಳೆದುಕೊಂಡರು.

ಲೂಕಾ ಮದುವೆಯಾಗಲಿಲ್ಲ. 1471ರಲ್ಲಿ ಶಿಲ್ಪಿಗಳ ಸಂಘದ ಅಧ್ಯಕ್ಷತೆ ಒಲಿದು ಬಂದರೂ, ವಯಸ್ಸು ಮತ್ತು ಅನಾರೋಗ್ಯದ ಕಾರಣದಿಂದ ಒಪ್ಪಲಿಲ್ಲ. ಅದೇ ವರ್ಷ ಮರಣಪತ್ರ ಬರೆಸಿ ಆಸ್ತಿಯನ್ನು ಒಬ್ಬ ಸೋದರನ ಮಗ ಸಿಮೋನೆಗೂ, ಕಸುಬನ್ನು ಇನ್ನೊಬ್ಬ ಆಂದ್ರೆಯಾರಿಗೂ ಬಿಟ್ಟರು. ಕೈಯಲ್ಲಿರುವ ವಿದ್ಯೆಯೂ ಒಂದು ಆಸ್ತಿಯೇ ಎಂದು ಅವರು ಬಲ್ಲವರಾಗಿದ್ದರು. 1482ರಲ್ಲಿ ಅವರು ನಿಧನರಾದರು.

ಆ ಲೆಕ್ಕ ತಪ್ಪಲಿಲ್ಲ. 1487ರಲ್ಲಿ ಆಂದ್ರೆಯಾ ಫ್ಲೊರೆನ್ಸಿನ ಅನಾಥಾಲಯದ ಮುಂಭಾಗಕ್ಕೆ ಬಟ್ಟೆಯಲ್ಲಿ ಸುತ್ತಿದ ಹಸುಗೂಸುಗಳ ಶಿಲ್ಪಗಳನ್ನು ಮಾಡಿದರು. ತಂದೆತಾಯಿ ಬಿಟ್ಟುಹೋದ ಮಕ್ಕಳ ಆ ಮನೆಯ ಗುರುತು ಇಂದಿಗೂ ಅದೇ. ಅಚ್ಚಿನಲ್ಲಿ ಮತ್ತೆ ಮತ್ತೆ ತೆಗೆಯಬಹುದಾದ್ದರಿಂದ, ಅಮೃತಶಿಲೆಯನ್ನು ಕೊಳ್ಳಲಾಗದ ಸಣ್ಣ ದೇವಾಲಯಗಳಿಗೂ ಬಿಳಿಯ ಮಾತೆ ಮರಿಯ, ಬಾಲಯೇಸುವಿನ ಶಿಲ್ಪಗಳು ತಲುಪಿದವು. ಬಿಸಿಲು ಮಳೆಗೆ ಒಡ್ಡಿದ ಗೋಡೆಗಳ ಮೇಲೂ ಅವುಗಳ ಬಣ್ಣ ಐದು ಶತಮಾನ ದಾಟಿ ಉಳಿದಿದೆ.