ಡೀಸೆಲ್ ಪಂಪಿನ ಬಾಷ್ ಮತ್ತು ಎಂಟು ಗಂಟೆಯ ದುಡಿಮೆ
ಟ್ರ್ಯಾಕ್ಟರ್, ಲಾರಿಗಳ ಡೀಸೆಲ್ ಪಂಪಿನ ಮೇಲೆ ಕಾಣುವ ಹೆಸರು ಬಾಷ್. ಈ ರಾಬರ್ಟ್ ಬಾಷ್ 1861ರಲ್ಲಿ ಜರ್ಮನಿಯ ಉಲ್ಮ್ ಬಳಿ ಹುಟ್ಟಿದ. 1886ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಸಣ್ಣ ವರ್ಕ್‌ಶಾಪ್ ತೆರೆದ. 1906ರಲ್ಲೇ ತನ್ನ ಕಾರ್ಮಿಕರಿಗೆ ದಿನಕ್ಕೆ ಎಂಟು ಗಂಟೆ ಕೆಲಸ ಅಂತ ನಿಗದಿ ಮಾಡಿದ.

1927ರಲ್ಲಿ ಅವನ ಕಂಪನಿಯ ಇಂಜೆಕ್ಷನ್ ಪಂಪು ತಯಾರಿಕೆಗೆ ಬಂತು. ಅದರ ಪ್ಲಂಜರ್, ಬ್ಯಾರೆಲ್ ಮೈಕ್ರಾನ್ ಲೆಕ್ಕದಲ್ಲಿ ಜೋಡಿಯಾಗಿ ಕೂರಬೇಕು. ಡೀಸೆಲ್‌ನಲ್ಲಿ ಚೂರು ದೂಳು, ನೀರು ಸೇರಿದ್ರೂ ಸವೆಯುತ್ತೆ. ಸವೆದರೆ ಜೋಡಿಯನ್ನೇ ಬದಲಿಸಬೇಕು. ಅದಕ್ಕೇ ಮೆಕ್ಯಾನಿಕ್‌ಗಳು ಮೊದಲು ಫಿಲ್ಟರ್ ನೋಡೋದು.

ಬಾಷ್ ಹಿಟ್ಲರ್ ವಿರೋಧಿಗಳಿಗೆ ಗುಟ್ಟಾಗಿ ನೆರವಾದ. ಆದರೆ ಯುದ್ಧಕಾಲದಲ್ಲಿ ಅವನ ಕಾರ್ಖಾನೆಗಳಲ್ಲೇ ಬಲವಂತದ ಕಾರ್ಮಿಕರು ದುಡಿದರು. 1942ರಲ್ಲಿ ತೀರಿಕೊಂಡ.

1951ರಲ್ಲಿ ಬೆಂಗಳೂರಿನಲ್ಲಿ ಮೈಕೋ ಶುರುವಾಯ್ತು. ಆಡುಗೋಡಿಯಲ್ಲಿ ಈ ಪಂಪುಗಳು ತಯಾರಾದವು. 2023ರಲ್ಲಿ ಇದೇ ಕರ್ನಾಟಕ, ವಾರಕ್ಕೆ 48 ಗಂಟೆ ಮಿತಿಯಿಟ್ಟು, 12 ಗಂಟೆವರೆಗಿನ ದಿನಪಾಳಿಗೆ ಕಾನೂನು ತಿದ್ದಿತು. ಪಂಪು ತಂದುಕೊಂಡ ನಾವು ಆ ಎಂಟು ಗಂಟೆಯನ್ನ ಯಾಕೆ ಬಿಟ್ಟುಕೊಡಬೇಕು?