ಗಾಲಿಕುರ್ಚಿಯಿಂದಲೇ ಸೇವೆಗೈದ ಡಾ. ಮೇರಿ ವರ್ಗೀಸ್

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆ ಕನ್ನಡಿಗರಿಗೆ ಹೊಸದಲ್ಲ. ಬೆಂಗಳೂರು, ಕೋಲಾರ ಕಡೆಯಿಂದಲೂ ಚೆನ್ನೈನಿಂದಲೂ ಚಿಕಿತ್ಸೆಗೆಂದು ಅಲ್ಲಿಗೆ ಹೋಗಿಬರುವವರಿದ್ದಾರೆ. ಅದೇ ಸಂಸ್ಥೆಯಲ್ಲಿ ಓದಿ, ಅಲ್ಲಿಯೇ ದುಡಿದು, ಬೆನ್ನುಹುರಿಗೆ ಪೆಟ್ಟಾದವರಿಗೆ ಬದುಕುವ ದಾರಿ ತೋರಿದವರು ಡಾ. ಮೇರಿ ವರ್ಗೀಸ್.

1925ರಲ್ಲಿ ಕೊಚ್ಚಿಯಲ್ಲಿ ಜನಿಸಿದ ಮೇರಿ ಅವರು ವೆಲ್ಲೂರಿನಲ್ಲಿ ವೈದ್ಯ ಪದವಿ ಪಡೆದು, ಸ್ತ್ರೀರೋಗ ತಜ್ಞೆಯಾಗುವ ಹಂಬಲ ಹೊಂದಿದ್ದರು. 1954ರಲ್ಲಿ ಸಹೋದ್ಯೋಗಿಗಳೊಡನೆ ಪ್ರವಾಸ ಹೊರಟಿದ್ದ ವಾಹನ ಅಪಘಾತಕ್ಕೀಡಾಯಿತು. ಮುಖಕ್ಕೆ ತೀವ್ರ ಗಾಯವಾಯಿತು. ಅದಕ್ಕಿಂತ ಘೋರವಾದದ್ದು ಬೆನ್ನುಹುರಿಯ ಪೆಟ್ಟು. ಎರಡೂ ಕಾಲುಗಳ ಶಕ್ತಿ ಶಾಶ್ವತವಾಗಿ ಹೋಯಿತು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಮುರಿದ ಮೂಳೆ ಕೂಡಿಕೊಳ್ಳಬಹುದು, ಕಡಿದ ಬೆನ್ನುಹುರಿ ಕೂಡಿಕೊಳ್ಳುವುದಿಲ್ಲ. ಆದ್ದರಿಂದ ವೈದ್ಯರು ಒಂದೊಂದೇ ಸ್ನಾಯುವಿನ ಬಲವನ್ನು ನೋಡುತ್ತಾರೆ. ಹತ್ತಿ, ಸೂಜಿಮೊನೆ ತಾಗಿಸಿ ಸ್ಪರ್ಶಜ್ಞಾನ ಎಲ್ಲಿಯವರೆಗಿದೆ ಎಂದು ಗುರುತಿಸುತ್ತಾರೆ. ಕಳೆದುಹೋದದ್ದು ಎಷ್ಟು ಎಂಬುದಕ್ಕಿಂತ ಉಳಿದಿರುವುದು ಎಷ್ಟು ಎಂಬುದೇ ಮುಂದಿನ ಬದುಕಿಗೆ ಬಂಡವಾಳ. ಮೇರಿ ಅವರಿಗೆ ಎರಡು ಕೈಗಳು ಉಳಿದಿದ್ದವು.

ಕುಷ್ಠರೋಗದಿಂದ ಮುದುಡಿದ ಬೆರಳುಗಳನ್ನು ಸರಿಪಡಿಸುವುದರಲ್ಲಿ ಆಗ ಹೆಸರಾಗಿದ್ದ ವೆಲ್ಲೂರಿನ ಡಾ. ಪಾಲ್ ಬ್ರ್ಯಾಂಡ್ ಅವರು, ಕೈಯ ಶಸ್ತ್ರಚಿಕಿತ್ಸೆಯನ್ನು ಕುಳಿತೂ ಮಾಡಬಹುದೆಂದು ಧೈರ್ಯ ತುಂಬಿದರು. ಮೇರಿ ಅವರು ಗಾಲಿಕುರ್ಚಿಯಲ್ಲೇ ಆಪರೇಷನ್ ಥಿಯೇಟರ್ ಪ್ರವೇಶಿಸಿ, ಕುಷ್ಠರೋಗಿಗಳ ಕೈಗಳಿಗೆ ಮತ್ತೆ ಕೆಲಸ ಕೊಟ್ಟರು. ಮುಂದೆ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಸ್ವತಃ ಪುನಶ್ಚೇತನ ಚಿಕಿತ್ಸೆ ಪಡೆದರು. ನಂತರ ನ್ಯೂಯಾರ್ಕ್‌ನಲ್ಲಿ ಡಾ. ಹೊವಾರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ಪುನರ್ವಸತಿ ವೈದ್ಯಶಾಸ್ತ್ರದ ತರಬೇತಿ ಪಡೆದು ತಾಯ್ನಾಡಿಗೆ ಮರಳಿದರು.

ವೆಲ್ಲೂರಿನ ಪುನರ್ವಸತಿ ವಿಭಾಗದ ಹೊಣೆ ಹೊತ್ತ ಅವರ ನೇತೃತ್ವದಲ್ಲಿ 1966ರಲ್ಲಿ ಒಳರೋಗಿಗಳ ಪುನರ್ವಸತಿ ಸಂಸ್ಥೆ ಆರಂಭವಾಯಿತು. ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಮೂತ್ರಕೋಶದ ಆರೈಕೆ, ಮಂಚದಿಂದ ಕುರ್ಚಿಗೆ ತಾನೇ ಜಾರಿ ಕೂರುವುದು, ಕೈಗೊಂದು ಕಸುಬು ಕಲಿಯುವುದು, ಇವೆಲ್ಲ ಇಂಥ ಚಿಕಿತ್ಸೆಯ ಅಂಗ. ಕಲಿಸುವ ವೈದ್ಯರೇ ಗಾಲಿಕುರ್ಚಿಯಲ್ಲಿದ್ದಾಗ ರೋಗಿಗೆ ಬೇರೆ ಉಪದೇಶ ಬೇಕಿರಲಿಲ್ಲ. 1972ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ನೀಡಿ ಗೌರವಿಸಿತು. 1986ರಲ್ಲಿ ಅವರು ನಿಧನರಾದರು.

ಊರಿನಲ್ಲಿ ಅಡಿಕೆ, ತೆಂಗಿನ ಮರದಿಂದ ಬಿದ್ದವರು, ನಗರದಲ್ಲಿ ಬೈಕಿನಿಂದ ಉರುಳಿದವರು ಇಂದಿಗೂ ಇದೇ ಪೆಟ್ಟಿಗೆ ಗುರಿಯಾಗುತ್ತಿದ್ದಾರೆ. ಅಂಥವರನ್ನು ಕೈಕಾಲು ಹಿಡಿದೆತ್ತಿ ಆಟೋದಲ್ಲಿ ಮಡಚಿ ಕೂರಿಸಬಾರದು. ಕತ್ತು, ಬೆನ್ನು ಅಲುಗದಂತೆ ನೋಡಿಕೊಂಡು ಆಂಬ್ಯುಲೆನ್ಸ್ ಕರೆಸುವುದು, ಸಾಗಿಸಲೇಬೇಕಾದರೆ ಹಲಗೆಯ ಮೇಲೆ ನೇರವಾಗಿ ಮಲಗಿಸುವುದು ಸೂಕ್ತ. ಸಂಘದ ಸದಸ್ಯರು ಇಷ್ಟನ್ನು ಮನೆಮಂದಿಗೆ ತಿಳಿಸಿದರೂ ಡಾ. ಮೇರಿ ಅವರನ್ನು ನೆನೆದದ್ದು ಸಾರ್ಥಕ.