ಕೋವಿಗಿಂತ ಕಿವಿ ದೊಡ್ಡದು

ನಮ್ಮ ಅರೇಹಳ್ಳಿ ಸುತ್ತಮುತ್ತ ಈಗ ಮಾತೆಲ್ಲ ಆನೆಯದ್ದೇ. ಕಾಫಿ ತೋಟದ ಕೆಲಸಕ್ಕೆ ಹೋದವರು ಸಂಜೆ ಸುರಕ್ಷಿತವಾಗಿ ಮನೆ ಸೇರಿದರೆ ಆ ದಿನ ಗೆದ್ದಂತೆ. ಬೇಲೂರು ತಾಲ್ಲೂಕಿನ ಈ ಭಾಗದಲ್ಲಿ ಆನೆ ತುಳಿತಕ್ಕೆ ಸಿಕ್ಕಿ ಮನೆಯ ಆಧಾರವನ್ನೇ ಕಳೆದುಕೊಂಡ ಕುಟುಂಬಗಳಿವೆ. ಹೋಟೆಲಿನಲ್ಲಿ ಈ ವಿಷಯ ಬಂದಾಗಲೆಲ್ಲ ಯಾರಾದರೊಬ್ಬರು, ಒಂದು ಒಳ್ಳೆಯ ರೈಫಲ್ ಇದ್ದರೆ ಒಂದೇ ದಿನದಲ್ಲಿ ಮುಗಿಸಬಹುದಿತ್ತು ಅನ್ನುತ್ತಾರೆ. ನನ್ನ ಓರಗೆಯವರಲ್ಲಿ ಹಳೆಯ ಮಿಲಿಟರಿ ರೈಫಲ್, ಕಾರ್ಬೈನ್‌ಗಳ ವಿಡಿಯೊ ನೋಡಿ ಅವುಗಳ ಮಾಡೆಲ್, ನಂಬರುಗಳನ್ನು ಬಾಯಿಪಾಠ ಮಾಡಿಕೊಂಡವರಿದ್ದಾರೆ. ಅಂಥ ಹೊತ್ತಿನಲ್ಲಿ ನನಗೆ ನೆನಪಾಗುವವರು ಕೆನೆತ್ ಆಂಡರ್ಸನ್. ಕೋವಿಯಿಂದಲೇ ಹೆಸರಾದ ಅವರ ಬದುಕನ್ನು ಓದುತ್ತಾ ಹೋದರೆ ಕೋವಿಯ ಮೇಲಿನ ಮೋಹ ತಾನಾಗಿಯೇ ಇಳಿಯುತ್ತದೆ.

ಆಂಡರ್ಸನ್ ಹುಟ್ಟಿದ್ದು 1910ರ ಮಾರ್ಚ್ 8ರಂದು, ಹೈದರಾಬಾದ್ ಬಳಿಯ ಬೊಲಾರಂನಲ್ಲಿ. ಹಲವು ತಲೆಮಾರುಗಳಿಂದ ಭಾರತದಲ್ಲೇ ನೆಲೆಸಿದ್ದ ಸ್ಕಾಟಿಷ್ ಮೂಲದ ಕುಟುಂಬ. ತಂದೆ ಸೇನೆಯ ಲೆಕ್ಕಪತ್ರ ಇಲಾಖೆಯಲ್ಲಿದ್ದರು. ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಮತ್ತು ಸೇಂಟ್ ಜೋಸೆಫ್ ಕಾಲೇಜಿನಲ್ಲಿ. ಕಾನೂನು ಕಲಿಯಲೆಂದು ಮನೆಯವರು ಎಡಿನ್‌ಬರೊಗೆ ಕಳಿಸಿದರೆ, ಅಲ್ಲಿ ಮನಸ್ಸು ನಿಲ್ಲದೆ ಅರ್ಧಕ್ಕೇ ಬಿಟ್ಟು ಬೆಂಗಳೂರಿಗೆ ಮರಳಿದರು. ಕೆಲವು ವರ್ಷ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ದುಡಿದು, ಆಮೇಲೆ ವಿಮಾನ ಕಾರ್ಖಾನೆ ಸೇರಿದರು. ಇಂದು ನಾವು ಎಚ್‌ಎಎಲ್ ಎಂದು ಕರೆಯುವ ಆ ಸಂಸ್ಥೆಯಲ್ಲಿ ಯೋಜನಾ ವಿಭಾಗದ ವ್ಯವಸ್ಥಾಪಕರ ಹುದ್ದೆಯವರೆಗೂ ಏರಿದರು. ಬೇಟೆ ಅವರ ಹೊಟ್ಟೆಪಾಡಾಗಿರಲಿಲ್ಲ. ನಮ್ಮ ನಿಮ್ಮ ಹಾಗೆ ರಜೆಯ ಲೆಕ್ಕ ಹಾಕುತ್ತಲೇ ಕಾಡಿಗೆ ಹೋಗುತ್ತಿದ್ದ ನೌಕರ ಅವರು.

ಅವರ ಕೈಯಲ್ಲಿ ಹೆಚ್ಚಾಗಿ ಇರುತ್ತಿದ್ದುದು .405 ವಿಂಚೆಸ್ಟರ್. ಅಮೆರಿಕದ ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ 1895ರ ಮಾಡೆಲ್ ಅದು. ಕುದುರೆಯ ಕೆಳಗಿನ ಸನ್ನೆಯನ್ನು ಕೆಳಕ್ಕೆಳೆದು ಮತ್ತೆ ಮೇಲಕ್ಕೆ ತಂದರೆ ಖಾಲಿ ತೋಟಾ ಹೊರಬಿದ್ದು ಹೊಸದು ಒಳಗೆ ಕೂರುತ್ತದೆ. ಅದಕ್ಕೂ ಹಿಂದಿನ ಇಂಥ ರೈಫಲ್‌ಗಳಲ್ಲಿ ತೋಟಾಗಳು ನಳಿಗೆಯ ಅಡಿಯ ಕೊಳವೆಯಲ್ಲಿ ಒಂದರ ಹಿಂದೊಂದು ಕೂರುತ್ತಿದ್ದವು. ಚೂಪು ಮೂತಿಯ ಗುಂಡು ಹಾಕಿದರೆ ಅದು ಮುಂದಿನ ತೋಟಾದ ಕೇಪಿಗೆ ತಾಗಿ ಸಿಡಿಯುವ ಭಯ. ಬ್ರೌನಿಂಗ್ ಕೊಳವೆಯನ್ನು ಬಿಟ್ಟು ತೋಟಾಗಳನ್ನು ಒಂದರ ಮೇಲೊಂದು ಪೆಟ್ಟಿಗೆಯಲ್ಲಿ ಕೂರಿಸಿದರು. ಹೀಗಾಗಿ ಸೇನೆಗಳಿಗೂ ಇದು ಒಗ್ಗಿತು. ಮೊದಲ ಮಹಾಯುದ್ಧದಲ್ಲಿ ರಷ್ಯಾ ಇದೇ ಮಾಡೆಲನ್ನು ತನ್ನ ತೋಟಾಕ್ಕೆ ಹೊಂದಿಸಿ ಸುಮಾರು 3 ಲಕ್ಷ ತರಿಸಿಕೊಂಡಿತು. ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಒಯ್ದದ್ದೂ .405 ವಿಂಚೆಸ್ಟರನ್ನೇ. ಜಗತ್ತಿನ ಸಂಗ್ರಹಕಾರರು ಇಂದಿಗೂ ಹುಡುಕುವ ಕೋವಿ ಇದು. ಆಂಡರ್ಸನ್ ಅದನ್ನು ಶೋಕಿಗೆ ಇಟ್ಟುಕೊಳ್ಳಲಿಲ್ಲ. ನಳಿಗೆಗೆ ಟಾರ್ಚು ಬಿಗಿದು, ಕತ್ತಲಲ್ಲೂ ಕೈ ತಡವರಿಸದಷ್ಟು ಅದನ್ನು ಪಳಗಿಸಿಕೊಂಡರು.

ಸರ್ಕಾರಿ ದಾಖಲೆಯಂತೆ 1939ರಿಂದ 1966ರವರೆಗೆ ಅವರು ಕೊಂದ ನರಭಕ್ಷಕ ಚಿರತೆಗಳು 8, ಹುಲಿಗಳು 7. ಇಪ್ಪತ್ತೇಳು ವರ್ಷಕ್ಕೆ ಹದಿನೈದು ಪ್ರಾಣಿ. ಉಳಿದ ದಿನಗಳೆಲ್ಲ ಮಚಾನಿನ ಮೇಲೆ ಅಲುಗಾಡದೆ ಕೂತ, ಹೆಜ್ಜೆಗುರುತು ನೋಡುತ್ತಾ ಅಲೆದ, ಬರಿಗೈಲಿ ಮರಳಿದ ದಿನಗಳು. ಈ ವಿದ್ಯೆಯನ್ನು ಅವರಿಗೆ ಕಲಿಸಿದವರಲ್ಲಿ ಸಾಹೇಬರಿಗಿಂತ ಕಾಡಿನ ಮಕ್ಕಳೇ ಹೆಚ್ಚು. ಕದ್ದು ಬೇಟೆಯಾಡುತ್ತಿದ್ದ ಪೂಜಾರಿ ಬುಡಕಟ್ಟಿನ ಬೈರ ಅವರ ಜೀವದ ಗೆಳೆಯನೂ ಗುರುವೂ ಆದ. ಜಿಂಕೆಯ ಎಚ್ಚರಿಕೆಯ ಕೂಗು, ಮಂಗನ ಗದ್ದಲ, ಹಕ್ಕಿಗಳು ಒಮ್ಮೆಲೇ ಸುಮ್ಮನಾಗುವುದು, ಇವುಗಳಿಂದ ಹುಲಿ ಎತ್ತ ನಡೆಯುತ್ತಿದೆ ಎಂದು ಹೇಳುವ ಜ್ಞಾನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ನಮ್ಮ ಜಿಲ್ಲೆಗೂ ಅವರಿಗೂ ನಂಟಿದೆ. ಅರಸೀಕೆರೆ ಸಮೀಪದ ದರ್ಗಾವೊಂದನ್ನು ನೋಡಿಕೊಳ್ಳುತ್ತಿದ್ದ ಮುದುಕರೊಬ್ಬರು ಅವರ ಸ್ನೇಹಿತರು. ಆ ಸುತ್ತಿನಲ್ಲಿ ಕರಡಿಯೊಂದು ಜನರ ಮೇಲೆ ಬಿದ್ದು ಮುಖವನ್ನೇ ಕಿತ್ತುಹಾಕುತ್ತಿತ್ತು. ಒಂದು ರಾತ್ರಿ ಆ ಮುದುಕರ ಹರೆಯದ ಮಗನೇ ಅದರ ಉಗುರಿಗೆ ಬಲಿಯಾದ. ಸುದ್ದಿ ತಿಳಿದು ಆಂಡರ್ಸನ್ ಬಂದರು. ಬೆಟ್ಟ, ಹೊಲ ಎಲ್ಲ ಅಲೆದರೂ ಕರಡಿ ಸಿಗಲಿಲ್ಲ. .405 ಹೆಗಲಲ್ಲೇ ಇತ್ತು, ಆದರೆ ಕರಡಿ ಎಲ್ಲಿದೆ ಎಂದು ಅದು ಹೇಳಬೇಕಲ್ಲ! ಮುಂದೆ ಅದು ಸಖರಾಯಪಟ್ಟಣದ ಕಡೆ ಕಾಣಿಸಿಕೊಂಡು ಮತ್ತೆ ಜನರನ್ನು ಸೀಳಿದ ಮೇಲೆ ಅಲ್ಲಿಗೆ ಹೋಗಿ ಅದನ್ನು ಕೊಂದರು. ಮಗ ಸತ್ತ ದಿನಕ್ಕೂ ಕರಡಿ ಸತ್ತ ದಿನಕ್ಕೂ ನಡುವೆ ಕಳೆದ ಕಾಲವನ್ನು ನೆನೆದಾಗಲೆಲ್ಲ, ರೈಫಲ್ ಇದ್ದರೆ ಒಂದೇ ದಿನ ಎನ್ನುವ ಮಾತು ನನಗೆ ಹಗುರವಾಗಿ ಕೇಳುತ್ತದೆ.

ಅದಕ್ಕಿಂತಲೂ ಯೋಚಿಸಬೇಕಾದ ಸಂಗತಿ ಇನ್ನೊಂದಿದೆ. ಹೊಸೂರು ಸೀಮೆಯ ಜವಳಗಿರಿಯ ಹೆಣ್ಣುಹುಲಿ ನರಭಕ್ಷಕಿಯಾದದ್ದು ಗುಂಡೇಟು ತಿಂದು ತಪ್ಪಿಸಿಕೊಂಡ ಮೇಲೆ. ಆಂಡರ್ಸನ್ ಗಂಡುಹುಲಿಯ ದನಿಯಲ್ಲಿ ಕೂಗಿ ಅದನ್ನು ಹತ್ತಿರ ಕರೆದು ಹೊಡೆದರು. ಸಂಗಾತಿ ಬಂದನೆಂದು ನಂಬಿ ಬಂದ ಹುಲಿ ಅದು. ಬೆಳೆ ಕಾಯುವವರ ನಾಡಕೋವಿಯ ಚೂರು, ಗುರಿ ತಪ್ಪಿದ ಶಿಕಾರಿಯ ಗುಂಡು, ಮುಳ್ಳುಹಂದಿಯ ಮುಳ್ಳು: ಹೀಗೆ ಗಾಯಗೊಂಡು ಕುಂಟುವ ಪ್ರಾಣಿಯೇ ಕೊನೆಗೆ ಮನುಷ್ಯರತ್ತ ತಿರುಗುತ್ತದೆ ಎಂಬುದನ್ನು ಅವರ ಪುಸ್ತಕಗಳಲ್ಲಿ ಮತ್ತೆ ಮತ್ತೆ ಕಾಣುತ್ತೇವೆ. ಒಬ್ಬರು ಅರ್ಧ ಮಾಡಿಬಿಟ್ಟ ಕೆಲಸದ ಬೆಲೆಯನ್ನು ಇನ್ಯಾರೋ ಬಡವರು ಜೀವ ಕೊಟ್ಟು ತೀರಿಸಿದರು.

1954ರಲ್ಲಿ ಅವರ ಮೊದಲ ಪುಸ್ತಕ ಬಂತು. ನಂತರದ ಬರಹಗಳಲ್ಲಿ ಕಾಡು ಕರಗುತ್ತಿರುವ ಸಂಕಟ ಹೆಚ್ಚುತ್ತಾ ಹೋಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಬೇಟೆಯ ಕಾಲ ಮುಗಿದಿತ್ತು. 1974ರ ಆಗಸ್ಟ್ 30ರಂದು ಕ್ಯಾನ್ಸರ್‌ನಿಂದ ಆಂಡರ್ಸನ್ ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 64 ವರ್ಷ. ಮುಂದೆ ನಮ್ಮ ಪಕ್ಕದ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಅವರು ಆ ಕಥೆಗಳನ್ನು ಕನ್ನಡಕ್ಕೆ ತಂದದ್ದರಿಂದ ಹಳ್ಳಿಯ ಲೈಬ್ರರಿಗಳಿಗೂ ಆಂಡರ್ಸನ್ ಬಂದರು. ನನ್ನಂಥ ಎಷ್ಟೋ ಮಂದಿ ಅವರನ್ನು ಓದಿದ್ದು ಹಾಗೆಯೇ.

ಇಂದು ನಮ್ಮ ಭಾಗದಲ್ಲಿ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ಸಿಬ್ಬಂದಿ ಬೆಳಗಿನ ಜಾವದಿಂದಲೇ ಆನೆಗಳ ಹಿಂದೆ ನಡೆದು, ಯಾವ ತೋಟದಲ್ಲಿವೆ ಎಂದು ಜನರಿಗೆ ತಿಳಿಸುತ್ತಾರೆ. ಅವರಲ್ಲಿ ನಮ್ಮ ವಯಸ್ಸಿನವರೂ ಇದ್ದಾರೆ. ಸಂಬಳ ದೊಡ್ಡದಲ್ಲ, ಅಪಾಯ ಸಣ್ಣದಲ್ಲ. ಮುರಿದ ಕೊಂಬೆ, ಹಸಿ ಲದ್ದಿ, ಕೆಸರಿನ ಹೆಜ್ಜೆ ನೋಡಿ ಅವರು ಹೇಳುವ ಒಂದು ಮಾತು ಆ ದಿನ ಎಷ್ಟೋ ಕಾರ್ಮಿಕರನ್ನು ಉಳಿಸುತ್ತದೆ. ಬೈರನಿಂದ ಆಂಡರ್ಸನ್ ಕಲಿತದ್ದೂ ಇದನ್ನೇ. ಕೋವಿಯ ಮಾಡೆಲ್ ನಂಬರು ಗೊತ್ತಿರುವ ಗೆಳೆಯರಿಗೆ ನಾನು ಹೇಳುವುದಿಷ್ಟೇ: ಆ ಶ್ರದ್ಧೆಯಲ್ಲಿ ಅರ್ಧದಷ್ಟನ್ನು ಕಾಡಿನ ಸದ್ದು ಕಲಿಯಲು ಕೊಡಿ. ನಮ್ಮೂರಿಗೆ ಈಗ ಬೇಕಿರುವುದು ಆ ಕಿವಿ.